ಮಾಡೆಲ್ ಬರೆದು ಕೋಡ್ ತೆಗೆಯುವ ಪದ್ಧತಿ: ದಾಲ್ ಮಿಲ್ ಪ್ಯಾನಲ್‌ಗೆ ಸರಿಹೋಗುತ್ತಾ?

ತೊಗರಿನಾಡು, ಕಲಬುರಗಿ:

ಎಲ್ಲರಿಗೂ ನಮಸ್ಕಾರ. ನಮ್ಮದು ಕಲಬುರಗಿಯಲ್ಲಿ ಒಂದು ಸಣ್ಣ ತಂಡ. ದಾಲ್ ಮಿಲ್‌ಗಳಿಗೆ ಕಂಟ್ರೋಲ್ ಪ್ಯಾನಲ್ ಮಾಡಿಕೊಡುತ್ತೇವೆ. ಹಾಪರ್ ಗೇಟು, ಬಕೆಟ್ ಎಲಿವೇಟರ್, ರೋಲ್, ಜರಡಿ, ಇವು ಯಾವ ಕ್ರಮದಲ್ಲಿ ಶುರುವಾಗಬೇಕು, ಯಾವ ಕ್ರಮದಲ್ಲಿ ನಿಲ್ಲಬೇಕು ಅನ್ನುವುದೇ ನಮ್ಮ ಸಾಫ್ಟ್‌ವೇರ್‌ನ ಮುಖ್ಯ ಕೆಲಸ. ಒಳಗೆ ಎಸ್‌ಟಿಎಂ32 ಚಿಪ್, ಸಿ ಭಾಷೆಯಲ್ಲಿ ಕೋಡ್.

ತೊಂದರೆ ಏನೆಂದರೆ ಎರಡು ಮಿಲ್ ಒಂದೇ ಥರ ಇರುವುದಿಲ್ಲ. ಒಂದರಲ್ಲಿ ಎರಡು ಎಲಿವೇಟರ್, ಇನ್ನೊಂದರಲ್ಲಿ ನಾಲ್ಕು. ಒಬ್ಬರಿಗೆ ಪಾಲಿಶ್ ಮಷೀನ್ ಬೇಕು, ಇನ್ನೊಬ್ಬರಿಗೆ ಬೇಡ. ಪ್ರತಿ ಗಿರಾಕಿಗೂ ಬೇರೆ ಕೋಡ್. ಒಂದು ಕಡೆ ಸರಿಮಾಡಿದ್ದನ್ನು ಉಳಿದ ಎಲ್ಲ ಕಡೆ ಹುಡುಕಿ ಹುಡುಕಿ ಸರಿಮಾಡಬೇಕು. ಜೊತೆಗೆ ಕೆಲಸ ಕಲಿತ ಹುಡುಗರು ಹೈದರಾಬಾದ್‌ಗೋ ಬೆಂಗಳೂರಿಗೋ ಹೋಗುತ್ತಾರೆ. ಅವರ ತಲೆಯಲ್ಲಿ ಇದ್ದದ್ದು ಅವರ ಜೊತೆಗೇ ಹೋಗುತ್ತದೆ.

ಮಾಡೆಲ್ ಆಧಾರಿತ ಅಭಿವೃದ್ಧಿ, ಕೋಡ್ ಜನರೇಶನ್ ಅಂತ ತುಂಬಾ ಓದುತ್ತಿದ್ದೇನೆ, ಅಂದರೆ ಕೆಲಸವನ್ನು ಮೊದಲು ಚಿತ್ರದಲ್ಲೋ ಕೋಷ್ಟಕದಲ್ಲೋ ಬರೆದು, ಅದರಿಂದ ಟೂಲ್ ಮೂಲಕ ಕೋಡ್ ತೆಗೆಯುವುದು. ನಮ್ಮಂಥ ಸಣ್ಣವರಿಗೆ ಇದು ನಿಜಕ್ಕೂ ಉಪಯೋಗವಾ? ಸಾಫ್ಟ್‌ವೇರ್ ವಿನ್ಯಾಸವನ್ನು ಚಿತ್ರದಲ್ಲಿ ಬರೆಯುವ, ಕಾಲೇಜಿನಲ್ಲಿ ಕಲಿತ ಯುಎಂಎಲ್‌ನಿಂದ ಶುರುಮಾಡಲಾ, ಬ್ಲಾಕ್ ಚಿತ್ರ ಬರೆದು ಓಡಿಸಿ ನೋಡುವ ಸಿಮ್ಯುಲಿಂಕ್ ಟೂಲ್ ಕೊಳ್ಳಲಾ? ಕೆಲಸ ಮಾಡಿ ನೋಡಿದವರು ಹೇಳಿ.

ಬೀದರ್ ಕೋಟೆ:

ಅಣ್ಣಾ, ಯುಎಂಎಲ್‌ನಿಂದ ಶುರುಮಾಡಬೇಡಿ. ಇದನ್ನು ಸಿಟ್ಟಿನಿಂದ ಹೇಳುತ್ತಿಲ್ಲ. ಆ ಕಾಲದಲ್ಲಿ ಅದರಲ್ಲೇ ಕೆಲಸ ಮಾಡಿದವನು ನಾನು.

1997ರಲ್ಲಿ ಓಎಂಜಿ ಸಂಸ್ಥೆ ಯುಎಂಎಲ್ ಅನ್ನು ಮಾನಕವಾಗಿ ಒಪ್ಪಿತು. 2001ರಲ್ಲಿ ಅದೇ ಸಂಸ್ಥೆ ಎಂಡಿಎ ಅಂತ ದೊಡ್ಡ ಯೋಜನೆ ಹೇಳಿತು. ಮೊದಲು ಯಾವ ಯಂತ್ರಕ್ಕೂ, ಯಾವ ಭಾಷೆಗೂ ಅಂಟದ ಮಾಡೆಲ್ ಬರೆಯಿರಿ. ಅದನ್ನು ಜಾವಾಗೋ ಇನ್ನೊಂದಕ್ಕೋ ತಕ್ಕ ಮಾಡೆಲ್ ಆಗಿ ಬದಲಿಸಿ. ಅದರಿಂದ ಕೋಡ್ ಬರುತ್ತದೆ. ಕೇಳಲು ಬಹಳ ಚಂದ.

ಕೆಲಸದಲ್ಲಿ ಆದದ್ದು ಬೇರೆ. ಕ್ಲಾಸ್ ಚಿತ್ರದಿಂದ ಖಾಲಿ ಕ್ಲಾಸುಗಳು ಬರುತ್ತಿದ್ದವು. ಒಳಗಿನ ಲಾಜಿಕ್ ಅನ್ನು ಕೈಯಿಂದಲೇ ತುಂಬಬೇಕು. ಒಂದಷ್ಟು ದಿನ ಆದಮೇಲೆ ಗಡುವು ಹತ್ತಿರ ಬಂದಾಗ ಎಲ್ಲರೂ ಕೋಡ್ ಮಾತ್ರ ತಿದ್ದುತ್ತಾರೆ, ಚಿತ್ರವನ್ನು ಮುಟ್ಟುವುದಿಲ್ಲ. ಆಮೇಲೆ ಚಿತ್ರ ಹೇಳುವುದೇ ಒಂದು, ಕೋಡ್ ಮಾಡುವುದೇ ಒಂದು. ಲಾಜಿಕ್ ಕೂಡ ಚಿತ್ರದಲ್ಲೇ ಬರಲಿ ಅಂದರೆ ಪ್ರತಿಯೊಂದು ಶರತ್ತನ್ನೂ, ಪ್ರತಿಯೊಂದು ಲೂಪನ್ನೂ ಬಾಣ ಎಳೆದು ತೋರಿಸಬೇಕು. ಹಾಗೆ ಮಾಡಿದ ಚಿತ್ರ ಕೋಡಿಗಿಂತ ಕಷ್ಟ.

ಎಂಬೆಡೆಡ್ ಅಕ್ಕ:

ಬೀದರ್ ಕೋಟೆ ಅಣ್ಣ ಹೇಳಿದ್ದು ಯುಎಂಎಲ್ ಮಟ್ಟಿಗೆ ಸರಿ. ಆದರೆ ಕೋಡ್ ಜನರೇಶನ್ ಸೋತಿತು ಅಂತ ಅದರಿಂದ ಅರ್ಥಮಾಡಿಕೊಂಡರೆ ತಪ್ಪಾಗುತ್ತದೆ. ನಾನು ಕಲಬುರಗಿಯವಳೇ, ಈಗ ಬೆಂಗಳೂರಿನಲ್ಲಿ ವಾಹನದ ಕಂಟ್ರೋಲರ್‌ಗಳ ಮೇಲೆ ಕೆಲಸ ಮಾಡುತ್ತೇನೆ. ಇಲ್ಲಿ ನಾವು ಬಿಡುಗಡೆ ಮಾಡುವ ಸಿ ಕೋಡಿನ ದೊಡ್ಡ ಭಾಗವನ್ನು ಯಾರೂ ಕೈಯಿಂದ ಬರೆಯುವುದಿಲ್ಲ. ಸಿಮ್ಯುಲಿಂಕ್ ಮಾಡೆಲ್‌ನಿಂದ ಎಂಬೆಡೆಡ್ ಕೋಡರ್ ಅನ್ನುವ ಟೂಲ್ ಅದನ್ನು ತೆಗೆಯುತ್ತದೆ.

ವಿಮಾನಗಳಲ್ಲಿ ಇದು ಇನ್ನೂ ಹಳೆಯದು. ಫ್ರಾನ್ಸಿನ ಗ್ರೆನೋಬಲ್‌ನಲ್ಲಿ 1980ರ ದಶಕದಲ್ಲಿ ಹುಟ್ಟಿದ ಲಸ್ಟರ್ ಭಾಷೆಯಿಂದ ಸ್ಕೇಡ್ ಅನ್ನುವ ಟೂಲ್ ಬಂತು. ಏರ್‌ಬಸ್ ಎ380ರ ಹಾರಾಟ ನಿಯಂತ್ರಣದ ಸಾಫ್ಟ್‌ವೇರ್‌ಗೆ ಅದನ್ನು ಬಳಸಿದ್ದಾರೆ. 2011ರಲ್ಲಿ ವಿಮಾನದ ಸಾಫ್ಟ್‌ವೇರ್‌ಗೆ ಡಿಓ-178ಸಿ ಮಾನಕ ಬಂದಾಗ ಮಾಡೆಲ್ ಆಧಾರಿತ ಕೆಲಸಕ್ಕೆಂದೇ ಡಿಓ-331 ಅನ್ನುವ ಪೂರಕವನ್ನೂ ಕೊಟ್ಟರು. ಜನರೇಟರ್ ಅನ್ನೇ, ಅಂದರೆ ಕೋಡ್ ತೆಗೆಯುವ ಟೂಲನ್ನೇ, ಕಠಿಣವಾಗಿ ಪರೀಕ್ಷಿಸಿ ಪ್ರಮಾಣೀಕರಿಸಿದರೆ, ಅದರಿಂದ ಬಂದ ಕೋಡಿನ ಮೇಲೆ ಮತ್ತೆ ಮಾಡಬೇಕಾದ ಕೆಲವು ಪರಿಶೀಲನೆಗಳನ್ನು ಬಿಡಬಹುದು. ಹಣ ಉಳಿಯುವುದು ಅಲ್ಲಿ.

ಇಲ್ಲಿ ಗೆದ್ದು ಅಲ್ಲಿ ಸೋತದ್ದು ಯಾಕೆ? ನನಗೆ ಕಾಣುವ ಕಾರಣ ಇದು. ಕಂಟ್ರೋಲ್ ಎಂಜಿನಿಯರ್‌ಗಳು ಕಂಪ್ಯೂಟರ್ ಬರುವ ಮೊದಲೇ ಬ್ಲಾಕ್ ಚಿತ್ರ ಬರೆಯುತ್ತಿದ್ದರು. ಅದು ಅವರದೇ ಬರಹ. ಟೂಲ್ ಬಂದು ಅದಕ್ಕೆ ಜೀವ ಕೊಟ್ಟಿತು ಅಷ್ಟೇ. ಹಾರ್ಡ್‌ವೇರ್ ಕೈಗೆ ಬರುವ ಮೊದಲೇ ಮಾಡೆಲ್ ಓಡಿಸಿ ನೋಡಬಹುದು. ಯುಎಂಎಲ್ ಹಾಗಲ್ಲ. ಅದು ಎಲ್ಲದಕ್ಕೂ ಆಗಬೇಕು ಅಂತ ಹೊರಟಿತು.

ಹಾಗಾಗಿ ತೊಗರಿನಾಡು ಅಣ್ಣ, ಯಾವ ಟೂಲ್ ಅನ್ನುವ ಪ್ರಶ್ನೆ ಈಗ ಬೇಡ. ಮಿಲ್ ಮಾಲೀಕರು, ಫಿಟರ್‌ಗಳು ತಮ್ಮ ಮಿಲ್ ಬಗ್ಗೆ ಮಾತಾಡುವಾಗ ಏನು ಬರೆದು ತೋರಿಸುತ್ತಾರೆ? ನಿಮ್ಮ ಮಾಡೆಲ್ ಅದೇ ಆಗಬೇಕು. ಸಿಮ್ಯುಲಿಂಕ್ ನಿಮಗೆ ಬೇಡ. ಅದರ ಬೆಲೆ ಒಂದು ಕಡೆ ಇರಲಿ, ಅದು ನಿರಂತರ ಲೆಕ್ಕಾಚಾರದ ಕೆಲಸಕ್ಕೆ ಚೆನ್ನ. ನಿಮ್ಮದು ಶುರು, ನಿಲ್ಲಿಸು, ಟ್ರಿಪ್ (ಭಾರ ಹೆಚ್ಚಾಗಿ ಮೋಟಾರ್ ತಾನೇ ನಿಲ್ಲುವುದು), ಇಂಟರ್‌ಲಾಕ್ (ಒಂದು ಓಡದೆ ಇನ್ನೊಂದು ಓಡದಂತೆ ತಡೆಯುವುದು). ಜೊತೆಗೆ ಅದರ ಎಸ್‌ಎಲ್‌ಎಕ್ಸ್ ಫೈಲ್ ಅಂದರೆ ಎಕ್ಸ್‌ಎಂಎಲ್ ತುಂಬಿದ ಒಂದು ಜಿಪ್. ಇಬ್ಬರು ಒಂದೇ ಫೈಲ್ ತಿದ್ದಿದರೆ ಫೈಲ್‌ಗಳ ಬದಲಾವಣೆಯ ಲೆಕ್ಕ ಇಡುವ ಗಿಟ್‌ನಲ್ಲಿ ಎರಡನ್ನೂ ಸೇರಿಸುವುದು ದೊಡ್ಡ ತಲೆನೋವು.

ಸುರಪುರ ಹುಡುಗ:

ಅಕ್ಕಾ, ನಾನು ಯಾದಗಿರಿ ಜಿಲ್ಲೆಯವನು, ಎಂಜಿನಿಯರಿಂಗ್ ಮೂರನೇ ವರ್ಷ. ನಾವು ಲ್ಯಾಬ್‌ನಲ್ಲಿ ಎಸ್‌ಟಿಎಂ32 ಚಿಪ್ಪಿನ ಕ್ಯೂಬ್‌ಎಂಎಕ್ಸ್ ಟೂಲ್ ಬಳಸುತ್ತೇವೆ. ಪಿನ್ ಆರಿಸಿದರೆ ಕೋಡ್ ತಾನೇ ಬರುತ್ತದೆ. ಅದೂ ಇದೇ ಪದ್ಧತಿನಾ?

ಎಂಬೆಡೆಡ್ ಅಕ್ಕ:

ಹೌದು ತಮ್ಮಾ, ಅದೇ. ಚಿಪ್ಪಿನ ಪಿನ್ನು, ಕ್ಲಾಕು, ಇವುಗಳ ಆಯ್ಕೆಯೇ ಮಾಡೆಲ್. ಆ ಫೈಲ್‌ಗಳಲ್ಲಿ 'ಯೂಸರ್ ಕೋಡ್ ಬಿಗಿನ್', 'ಯೂಸರ್ ಕೋಡ್ ಎಂಡ್' ಅಂತ ಕಾಮೆಂಟ್ ಗುರುತುಗಳು ಇರುತ್ತವಲ್ಲ, ಅವುಗಳ ನಡುವೆ ಬರೆದದ್ದು ಮಾತ್ರ ಉಳಿಯುತ್ತದೆ. ಹೊರಗೆ ಬರೆದದ್ದು ಮುಂದಿನ ಸಲ ಜನರೇಟ್ ಮಾಡಿದಾಗ ಅಳಿಸಿಹೋಗುತ್ತದೆ.

ನಿನ್ನ ಸ್ವಂತ ಲಾಜಿಕ್ ಅನ್ನು ಆ ಗುರುತುಗಳ ನಡುವೆ ಉದ್ದುದ್ದ ಬರೆಯಬೇಡ. ಬೇರೆ ಫೈಲ್‌ನಲ್ಲಿ ಇಡು. ಗುರುತುಗಳ ನಡುವೆ ಆ ಫಂಕ್ಷನ್ ಕರೆಯುವ ಒಂದು ಸಾಲು ಸಾಕು. ಜಾವಾದಲ್ಲಿ ಜನರೇಟ್ ಆದ ಕ್ಲಾಸನ್ನು ಮುಟ್ಟದೆ ಅದರಿಂದ ಇನ್ನೊಂದು ಕ್ಲಾಸ್ ಹುಟ್ಟಿಸಿ ಅದರಲ್ಲಿ ಬರೆಯುವುದೂ ಇದೇ ಕಾರಣಕ್ಕೆ. ಯಂತ್ರ ಬರೆದದ್ದು ಒಂದು ಫೋಲ್ಡರ್, ಮನುಷ್ಯ ಬರೆದದ್ದು ಇನ್ನೊಂದು. ಇದರಲ್ಲಿ ನನಗೆ ರಾಜಿ ಇಲ್ಲ.

ವಾಡಿ ಪಿಎಲ್‌ಸಿ:

ನಾನು ಸಿಮೆಂಟ್ ಕಡೆಯವನು. ಒಂದು ಮಾತು ಕೇಳುತ್ತೇನೆ, ಬೇಜಾರು ಮಾಡ್ಕೋಬೇಡಿ. ಕಾರ್ಖಾನೆಗೆಂದೇ ಮಾಡಿದ ಕಂಟ್ರೋಲರ್ ಪಿಎಲ್‌ಸಿ ಯಾಕೆ ಬೇಡ? ಅದರ ಭಾಷೆಗಳಿಗೆ ಐಇಸಿ 61131-3 ಮಾನಕ 1993ರಿಂದ ಇದೆ. ಅದರಲ್ಲಿನ ಲ್ಯಾಡರ್ ಭಾಷೆ ಅಂದರೆ ರಿಲೇ ವೈರಿಂಗ್ ಚಿತ್ರವೇ. ರಾತ್ರಿ ಪಾಳಿಯ ಎಲೆಕ್ಟ್ರಿಷಿಯನ್ ಕೂಡ ಲ್ಯಾಪ್‌ಟಾಪ್ ಹಚ್ಚಿ ಯಾವ ಕಾಂಟ್ಯಾಕ್ಟ್ ಬಿಟ್ಟಿದೆ ಅಂತ ನೋಡಿ ಹೇಳುತ್ತಾನೆ. ಅಕ್ಕ ಹೇಳಿದ 'ಅವರದೇ ಬರಹ' ಅಂದರೆ ಇದೇ ಅಲ್ವಾ?

ತೊಗರಿನಾಡು:

ಸರ್, ದೊಡ್ಡ ಮಿಲ್‌ಗೆ ನಾವೂ ಪಿಎಲ್‌ಸಿಯನ್ನೇ ಹಾಕುತ್ತೇವೆ. ಸಣ್ಣ ಮಿಲ್‌ನವರಿಗೆ ಅಷ್ಟು ದುಡ್ಡು ಹಾಕಲು ಆಗುವುದಿಲ್ಲ, ಅದಕ್ಕೇ ನಮ್ಮ ಬೋರ್ಡ್. ಆದರೆ ನೀವು ಹೇಳಿದ್ದು ಮನಸ್ಸಿಗೆ ನಾಟಿತು. ನಮ್ಮ ಸಿ ಕೋಡ್ ತೋರಿಸಿದರೆ ಎಲೆಕ್ಟ್ರಿಷಿಯನ್‌ಗೆ ಏನೂ ಗೊತ್ತಾಗುವುದಿಲ್ಲ.

ಎಂಬೆಡೆಡ್ ಅಕ್ಕ:

ಹಾಗಾದರೆ ಒಂದು ಕೋಷ್ಟಕದಿಂದ ಶುರುಮಾಡೋಣ. ಎಕ್ಸೆಲ್ ಹಾಳೆ ಸಾಕು, ಸಿಎಸ್‌ವಿ (ಬರೀ ಪಠ್ಯದ ಕೋಷ್ಟಕ) ಆಗಿ ಉಳಿಸಿ.

ಎಡಗಡೆ ಮಿಲ್ ಇರಬಹುದಾದ ಸ್ಥಿತಿಗಳು: ನಿಂತಿದೆ, ಶುರುವಾಗುತ್ತಿದೆ, ಓಡುತ್ತಿದೆ, ಖಾಲಿಯಾಗುತ್ತಿದೆ, ದೋಷ. ಮೇಲುಗಡೆ ಬರಬಹುದಾದ ಘಟನೆಗಳು: ಸ್ಟಾರ್ಟ್ ಬಟನ್, ಸ್ಟಾಪ್ ಬಟನ್, ಎಮರ್ಜೆನ್ಸಿ, ಮೋಟಾರ್ ಟ್ರಿಪ್, ಕರೆಂಟ್ ಹೋಗಿ ಬಂದದ್ದು, ಟೈಮರ್ ಮುಗಿದದ್ದು. ಐದು ಸ್ಥಿತಿ, ಆರು ಘಟನೆ, ಮೂವತ್ತು ಮನೆ. ಪ್ರತಿ ಮನೆಯಲ್ಲೂ ಎರಡು ಮಾತು ಬರೆಯಬೇಕು: ಏನು ಮಾಡಬೇಕು, ಯಾವ ಸ್ಥಿತಿಗೆ ಹೋಗಬೇಕು. ಏನೂ ಮಾಡುವುದು ಬೇಡ ಅಂದರೆ 'ಲೆಕ್ಕಕ್ಕಿಲ್ಲ' ಅಂತ ಬರೆಯಿರಿ. ಯಾವ ಮನೆಯೂ ಖಾಲಿ ಇರಬಾರದು. ಖಾಲಿ ಇದ್ದರೆ ಜನರೇಟರ್ ಕೋಡ್ ಕೊಡಲೇಬಾರದು.

ಈ ಪದ್ಧತಿಯ ಅರ್ಧಕ್ಕಿಂತ ಜಾಸ್ತಿ ಲಾಭ ಆ ಖಾಲಿ ಮನೆಗಳಲ್ಲೇ ಇದೆ, ಕೋಡ್ ಬೇಗ ಬರುವುದರಲ್ಲಿ ಅಲ್ಲ. ಉದಾಹರಣೆಗೆ 'ಖಾಲಿಯಾಗುತ್ತಿದೆ' ಸಾಲು, 'ಸ್ಟಾರ್ಟ್ ಬಟನ್' ಕಾಲಂ. ಗೇಟ್ ಮುಚ್ಚಿದೆ, ಉಳಿದ ಮಷೀನ್ ಓಡುತ್ತಿವೆ, ಒಳಗಿನ ಕಾಳು ಹೊರಗೆ ಹೋಗುತ್ತಿದೆ. ಅಷ್ಟರಲ್ಲಿ ಯಾರೋ ಸ್ಟಾರ್ಟ್ ಒತ್ತಿದರು. ಗೇಟ್ ಮತ್ತೆ ತೆರೆಯಬೇಕಾ, ಪೂರ್ತಿ ಖಾಲಿಯಾಗುವ ತನಕ ಕಾಯಬೇಕಾ? ಸಿ ಕೋಡ್ ಬರೆಯುವಾಗ ಈ ಪ್ರಶ್ನೆ ಯಾರ ತಲೆಗೂ ಬರುವುದಿಲ್ಲ. ಸ್ವಿಚ್-ಕೇಸಿನ ಡಿಫಾಲ್ಟ್ (ಬೇರೆ ಯಾವುದಕ್ಕೂ ಸೇರದ್ದು ಬೀಳುವ ಜಾಗ) ಅದನ್ನು ನುಂಗಿಬಿಡುತ್ತದೆ. ಕೋಷ್ಟಕದಲ್ಲಿ ಆ ಮನೆ ಬಾಯಿ ತೆರೆದು ಕೂತಿರುತ್ತದೆ.

ಒಂದು ಎಚ್ಚರಿಕೆ. ಎಮರ್ಜೆನ್ಸಿ ಬಟನ್ ಕೋಷ್ಟಕದಲ್ಲಿ ಇರಲಿ, ಆದರೆ ನಿಲ್ಲಿಸುವ ಕೆಲಸ ಸಾಫ್ಟ್‌ವೇರ್‌ನದ್ದಾಗಬಾರದು. ಅದರ ಕಾಂಟ್ಯಾಕ್ಟ್ ನೇರವಾಗಿ, ಮೋಟಾರ್‌ಗೆ ಕರೆಂಟ್ ಕೊಡುವ ಕಾಂಟ್ಯಾಕ್ಟರ್‌ನ ಕಾಯಿಲ್ ವೈರ್ ಅನ್ನೇ ಕತ್ತರಿಸಬೇಕು. ಸಾಫ್ಟ್‌ವೇರ್‌ಗೆ ಸುದ್ದಿ ಮಾತ್ರ ಸಾಕು.

ವಾಡಿ ಪಿಎಲ್‌ಸಿ:

ಕೋಷ್ಟಕ ಚೆನ್ನಾಗಿದೆ. ಎರಡು ಕಾಲಂ ಬಿಟ್ಟುಹೋಗಿವೆ. ಒಂದು, ರಿಸೆಟ್. ದೋಷದಲ್ಲಿ ಇರುವಾಗ ಸ್ಟಾರ್ಟ್ ಒತ್ತಿದರೆ ಓಡಬಾರದು, ಮೊದಲು ಯಾರಾದರೂ ನೋಡಿ ರಿಸೆಟ್ ಒತ್ತಬೇಕು. ಎರಡು, ಎಲಿವೇಟರ್ ವೇಗ. ಬೆಲ್ಟ್ ಜಾರಿದರೆ ಮೋಟಾರ್ ಆರಾಮಾಗಿ ಓಡುತ್ತದೆ, ಟ್ರಿಪ್ ಆಗುವುದೇ ಇಲ್ಲ. ಬಕೆಟ್ ಮಾತ್ರ ನಿಂತಿರುತ್ತದೆ. ಮೇಲಿನಿಂದ ಮಾಲು ಬರ್ತಾನೇ ಇರುತ್ತದೆ. ಬೂಟ್, ಅಂದರೆ ಎಲಿವೇಟರ್‌ನ ಕೆಳತುದಿಯ ಪೆಟ್ಟಿಗೆ, ತುಂಬಿ ಕಲ್ಲಿನಂತೆ ಕೂತರೆ ಅದನ್ನು ತೆಗೆಯಲು ಹಮಾಲರಿಗೆ ಅರ್ಧ ದಿನ. ಕೆಳಗಿನ ಶಾಫ್ಟ್‌ಗೆ ಒಂದು ವೇಗದ ಸೆನ್ಸರ್ ಹಾಕಿ, ಅದನ್ನೂ ಒಂದು ಘಟನೆ ಮಾಡಿ.

ಎಂಬೆಡೆಡ್ ಅಕ್ಕ:

ಬಹಳ ಒಳ್ಳೆಯ ಮಾತು ಸರ್. ಎಂಟು ಕಾಲಂ ಆದವು, ನಲವತ್ತು ಮನೆ. ನೋಡಿ, ನೀವು ಒಂದು ಸಾಲು ಸಿ ನೋಡದೆ ಈ ಸಾಫ್ಟ್‌ವೇರ್‌ನಲ್ಲಿ ಎರಡು ಕೊರತೆ ಹಿಡಿದಿರಿ.

ಬೀದರ್ ಕೋಟೆ:

ಕೋಷ್ಟಕ ನನಗೂ ಒಪ್ಪಿಗೆ. ಆದರೆ ಜನರೇಟರ್ ಯಾಕೆ ಬೇಕು ಅಂತ ಇನ್ನೂ ಅರ್ಥವಾಗಿಲ್ಲ. ಕೆಲಸ ಬಿಟ್ಟು ಹೋಗುವ ಹುಡುಗರ ಚಿಂತೆ ತೊಗರಿನಾಡು ಅವರಿಗೆ ಇದೆಯಲ್ಲ, ಜನರೇಟರ್ ಬರೆದವನೇ ಹೋದರೆ ಏನು ಗತಿ? ಕೋಡ್ ಬರೆದವನು ಹೋದರೆ ಒಂದು ಮಿಲ್‌ಗೆ ತೊಂದರೆ. ಜನರೇಟರ್ ಬರೆದವನು ಹೋದರೆ ಎಲ್ಲ ಮಿಲ್‌ಗೂ ತೊಂದರೆ. ಜನರೇಟರ್ ಉಗುಳಿದ ಸಾವಿರಾರು ಸಾಲುಗಳಲ್ಲಿ ದೋಷ ಹುಡುಕುವವರು ಯಾರು?

ನನ್ನ ಸಲಹೆ ಸರಳ. ಕೋಷ್ಟಕವನ್ನು ಓದಿ ನಡೆಸುವ ಒಂದು ಸಣ್ಣ ಎಂಜಿನ್ ಅನ್ನು ಸಿ ಭಾಷೆಯಲ್ಲಿ ಕೈಯಿಂದ ಬರೆಯಿರಿ. ಈಗ ಯಾವ ಸ್ಥಿತಿ, ಯಾವ ಘಟನೆ ಬಂತು, ಮನೆಯಲ್ಲಿ ಏನಿದೆ ನೋಡು, ಅದನ್ನು ಮಾಡು, ಹೊಸ ಸ್ಥಿತಿಗೆ ಹೋಗು. ಅಷ್ಟೇ. ಒಂದು ಸಲ ಚೆನ್ನಾಗಿ ಪರೀಕ್ಷೆ ಮಾಡಿದರೆ ಎಲ್ಲ ಮಿಲ್‌ಗೂ ಅದೇ.

ಎಂಬೆಡೆಡ್ ಅಕ್ಕ:

ಅಣ್ಣಾ, ಇದಕ್ಕೆ ನಾನು ಪೂರ್ತಿ ಒಪ್ಪುತ್ತೇನೆ. ನನ್ನ ಮನಸ್ಸಿನಲ್ಲಿ ಲಾಜಿಕ್ ಅನ್ನೂ ಜನರೇಟ್ ಮಾಡುವುದಿತ್ತು, ಆದರೆ ಇವರ ಕೆಲಸಕ್ಕೆ ನಿಮ್ಮ ದಾರಿಯೇ ಮೇಲು. ಎಂಜಿನ್ ಕೈಬರಹ. ಜನರೇಟರ್ ಸಿಎಸ್‌ವಿ ಓದಿ ಸಿ ಭಾಷೆಯ ಒಂದು ಕಾನ್ಸ್ಟ್ ಅರೇ (ಬದಲಾಗದ ಪಟ್ಟಿ) ಮಾತ್ರ ಬರೆಯಲಿ, ಅದು ಚಿಪ್ಪಿನ ಫ್ಲ್ಯಾಶ್ ಮೆಮರಿಯಲ್ಲಿ ಕೂರುತ್ತದೆ. ಅಂದರೆ ಜನರೇಟರ್ ಲಾಜಿಕ್ ಬರೆಯುವುದಿಲ್ಲ, ಬರೀ ದತ್ತಾಂಶ ಬರೆಯುತ್ತದೆ. ಪೈಥಾನ್‌ನಲ್ಲಿ ಎರಡು ಪುಟದ ಕೆಲಸ. ಬರೆದವನು ಹೋದರೂ ಹೊಸಬ ಒಂದು ಮಧ್ಯಾಹ್ನದಲ್ಲಿ ಓದಿ ಮುಗಿಸಬಹುದು.

ಇನ್ನೆರಡು ಕೆಲಸವನ್ನು ಜನರೇಟರ್ ಕಡೆಯಿಂದ ಮಾಡಿಸಿ. ಅರೇಯ ಪ್ರತಿ ಸಾಲಿನ ಪಕ್ಕ ಅದು ಹಾಳೆಯ ಯಾವ ಮನೆಯಿಂದ ಬಂತು ಅಂತ ಕಾಮೆಂಟ್ ಬರಲಿ. 1970ರ ದಶಕದಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಹುಟ್ಟಿದ ಯಾಕ್ (ವ್ಯಾಕರಣ ಓದಿ ಸಿ ಕೋಡ್ ಬರೆಯುವ ಟೂಲ್) ಕೂಡ ತಾನು ಬರೆದ ಸಿ ಕೋಡಿನಲ್ಲಿ ಹ್ಯಾಶ್-ಲೈನ್ ಸೂಚನೆ ಹಾಕುತ್ತದೆ. ದೋಷ ಬಂದರೆ ಕಂಪೈಲರ್ ಮೂಲ ವ್ಯಾಕರಣದ ಸಾಲನ್ನೇ ತೋರಿಸಲಿ ಅಂತ. ಇಷ್ಟು ಹಳೆಯ ಒಳ್ಳೆಯ ರೂಢಿಯನ್ನು ಬಿಡಬಾರದು. ಎರಡನೆಯದು, ಅದೇ ಹಾಳೆಯಿಂದ ಚಿತ್ರ ಬಿಡಿಸುವ ಗ್ರಾಫ್‌ವಿಜ್ ಟೂಲ್‌ಗೆ ಬೇಕಾದ ಡಾಟ್ ಫೈಲ್ ಕೂಡ ಬರಲಿ. ಚಿತ್ರ ತಾನೇ ಬರುತ್ತದೆ, ಪ್ರಿಂಟ್ ಮಾಡಿ ಪ್ಯಾನಲ್ ಬಾಗಿಲಿನ ಒಳಗೆ ಅಂಟಿಸಿ. ಬೀದರ್ ಕೋಟೆ ಅಣ್ಣ ಹೇಳಿದ 'ಚಿತ್ರ ಒಂದು, ಕೋಡ್ ಒಂದು' ಅನ್ನುವ ರೋಗ ಇಲ್ಲಿ ಬರಲು ಜಾಗವೇ ಇಲ್ಲ. ಎರಡೂ ಒಂದೇ ಹಾಳೆಯಿಂದ ಹುಟ್ಟುತ್ತವೆ.

ತೊಗರಿನಾಡು:

ಮಿಲ್‌ನಿಂದ ಮಿಲ್‌ಗೆ ಬದಲಾಗುವ ಮಷೀನ್‌ಗಳ ವಿಷಯ? ಸ್ಥಿತಿಗಳ ಕೋಷ್ಟಕ ಎಲ್ಲರಿಗೂ ಒಂದೇ ಇರಬಹುದು. ಮಷೀನ್ ಪಟ್ಟಿ ಬೇರೆ ಬೇರೆ.

ಎಂಬೆಡೆಡ್ ಅಕ್ಕ:

ಅದು ಎರಡನೇ ಹಾಳೆ. ಮಾಲು ಹರಿಯುವ ದಾರಿ ಬರೆಯಿರಿ, ಯಾವ ಮಷೀನ್‌ನಿಂದ ಯಾವ ಮಷೀನ್‌ಗೆ. ಶುರುವಾಗುವ ಕ್ರಮ ಅಂದರೆ ಆ ದಾರಿಯ ಉಲ್ಟಾ. ಮೊದಲು ಜರಡಿ, ಆಮೇಲೆ ರೋಲ್, ಆಮೇಲೆ ಎಲಿವೇಟರ್, ಕಡೆಗೆ ಗೇಟ್. ನಿಲ್ಲಿಸುವಾಗ ಮೊದಲು ಗೇಟ್. ಇದನ್ನು ಜನರೇಟರ್ ತಾನೇ ಲೆಕ್ಕ ಹಾಕಲಿ. ಹೊಸ ಗಿರಾಕಿ ಅಂದರೆ ಹೊಸ ಹಾಳೆ, ಹೊಸ ಕೋಡ್ ಅಲ್ಲ.

ಬೀದರ್ ಕೋಟೆ:

ಇಲ್ಲಿ ಒಂದು ತೊಡಕು ಇದೆ. ರೋಲ್‌ನಲ್ಲಿ ಸಿಪ್ಪೆ ಬಿಡದ ಕಾಳು ಜರಡಿಯಿಂದ ವಾಪಸ್ ರೋಲ್‌ಗೇ ಬರುತ್ತದೆ. ಅಂದರೆ ದಾರಿಯಲ್ಲಿ ಒಂದು ಸುತ್ತು ಇದೆ. ಸುತ್ತು ಇದ್ದರೆ ಉಲ್ಟಾ ಕ್ರಮ ಅನ್ನುವುದೇ ಸಿಗುವುದಿಲ್ಲ. ಯಾವುದು ಮೊದಲು ಅಂತ ಕೇಳಿದರೆ ಜನರೇಟರ್ ಏನು ಹೇಳುತ್ತೆ?

ಎಂಬೆಡೆಡ್ ಅಕ್ಕ:

ಸರಿಯಾದ ಕಡೆ ಕೈ ಇಟ್ಟಿರಿ. ವಾಪಸ್ ಬರುವ ದಾರಿಗೆ ಹಾಳೆಯಲ್ಲೇ 'ಮರಳಿ' ಅಂತ ಗುರುತು ಹಾಕಬೇಕು. ಕ್ರಮ ಲೆಕ್ಕ ಹಾಕುವಾಗ ಜನರೇಟರ್ ಆ ದಾರಿಯನ್ನು ಬಿಡುತ್ತದೆ. ಗುರುತು ಇಲ್ಲದ ಸುತ್ತು ಸಿಕ್ಕರೆ ಅದು ಸುಮ್ನೆ ಊಹಿಸಬಾರದು. ಯಾವ ಯಾವ ಮಷೀನ್ ಸುತ್ತಿನಲ್ಲಿವೆ ಅಂತ ಹೆಸರು ಹೇಳಿ ನಿಲ್ಲಬೇಕು. ಮರಳಿ ದಾರಿಯ ಎಲಿವೇಟರ್ ನಿಂತರೆ ರೋಲ್ ಎಷ್ಟು ಹೊತ್ತು ಓಡಬಹುದು ಅನ್ನುವುದನ್ನು ಮಿಲ್‌ನವರನ್ನೇ ಕೇಳಿ.

ಸುರಪುರ ಹುಡುಗ:

ಈಗ ಎಐಗೆ ಹೇಳಿದರೆ ಇಡೀ ಕೋಡ್ ಬರೆದುಕೊಡುತ್ತದಲ್ಲ. ಇಷ್ಟೆಲ್ಲ ಯಾಕೆ ಅಂತ ನಮ್ಮ ಕ್ಲಾಸಿನವರು ಕೇಳುತ್ತಿದ್ದಾರೆ.

ಬೀದರ್ ಕೋಟೆ:

ಒಂದೇ ಹಾಳೆ ಕೊಟ್ಟರೆ ಜನರೇಟರ್ ಇವತ್ತೂ, ಮುಂದಿನ ವರ್ಷವೂ ಅಕ್ಷರಕ್ಕೆ ಅಕ್ಷರ ಅದೇ ಕೋಡ್ ಕೊಡುತ್ತದೆ. ಎಐ ಹಾಗಲ್ಲ, ಅದೇ ಪ್ರಶ್ನೆಗೆ ಬೇರೆ ಬೇರೆ ಉತ್ತರ ಬರಬಹುದು. ಅದು ಕೊಟ್ಟದ್ದನ್ನು ಪ್ರತಿ ಸಲ ಮನುಷ್ಯ ಪೂರ್ತಿ ಓದಬೇಕು. ಎಐ ಬಳಸಬೇಡ ಅನ್ನುತ್ತಿಲ್ಲ. ಆ ಎರಡು ಪುಟದ ಪೈಥಾನ್ ಜನರೇಟರ್ ಬರೆಯಲು ಅದರ ಸಹಾಯ ತಗೊ, ಕೂತು ಓದು, ಪರೀಕ್ಷೆ ಮಾಡು. ಆಮೇಲೆ ಮಿಲ್‌ಗೆ ಹೋಗುವ ಕೋಡ್ ಆ ಜನರೇಟರ್‌ನಿಂದ ಬರಲಿ.

ಶಹಾಬಾದ್ ಕಲ್ಲು:

ಕನ್ನಡದ ಬಗ್ಗೆ ಒಂದು ಮಾತು. ಹಾಳೆ ಕನ್ನಡದಲ್ಲಿ ಇದ್ದರೆ ಮಿಲ್‌ನವರು ಓದುತ್ತಾರೆ, ಅದು ಬಹಳ ಮುಖ್ಯ. ಆದರೆ ಕನ್ನಡ ಹೆಸರನ್ನೇ ಕೋಡಿನ ಗುರುತಾಗಿ ಬಳಸಬೇಡಿ. 'ಬಂದ್‌ ಆಗಿದೆ' ಅಂತ ಒಬ್ಬರು ಟೈಪ್ ಮಾಡಿದಾಗ ದ್ ನಂತರ ಕಣ್ಣಿಗೆ ಕಾಣದ ಒಂದು ಅಕ್ಷರ ಇರಬಹುದು, ಇನ್ನೊಬ್ಬರದರಲ್ಲಿ ಇಲ್ಲದಿರಬಹುದು. ಪರದೆ ಮೇಲೆ ಎರಡೂ ಒಂದೇ, ಕಂಪ್ಯೂಟರ್‌ಗೆ ಬೇರೆ ಬೇರೆ. ಪೈಥಾನ್‌ನಲ್ಲಿ ಕನ್ನಡದ ವೇರಿಯಬಲ್ ಹೆಸರು ನಡೆಯುತ್ತದೆ, ಆದರೆ ಆ ಕಾಣದ ಅಕ್ಷರ ಬಂದರೆ ಅದು ಒಪ್ಪುವುದಿಲ್ಲ. ಪ್ರತಿ ಸ್ಥಿತಿಗೂ ಒಂದು ಸಂಖ್ಯೆ ಕೊಡಿ, ಕೋಡ್ ಸಂಖ್ಯೆಯನ್ನು ನೋಡಲಿ. ಕನ್ನಡ ಹೆಸರು ಪಕ್ಕದ ಕಾಲಂನಲ್ಲಿ ಮನುಷ್ಯರಿಗೆ ಇರಲಿ, ಡಿಸ್‌ಪ್ಲೇ ಮೇಲೂ ಅದೇ ಬರಲಿ.

ತೊಗರಿನಾಡು:

ಎಲ್ಲರಿಗೂ ತುಂಬಾ ಧನ್ಯವಾದ. ನಲವತ್ತು ಮನೆಯ ಹಾಳೆ ಪ್ರಿಂಟ್ ಹಾಕಿಕೊಂಡು ಎಪಿಎಂಸಿ ಹತ್ತಿರದ ಒಬ್ಬ ಹಳೇ ಗಿರಾಕಿಯ ಮಿಲ್‌ಗೆ ಹೋದೆವು. ಮಾಲೀಕರು, ಅವರ ಫಿಟರ್, ನಾವಿಬ್ಬರು ಕೂತೆವು. ಫಿಟರ್ ಪೆನ್ ತಗೊಂಡು ತಾವೇ ತುಂಬಲು ಶುರುಮಾಡಿದರು. ಇಷ್ಟು ವರ್ಷದಲ್ಲಿ ನಮ್ಮ ಸಾಫ್ಟ್‌ವೇರ್ ಬಗ್ಗೆ ಅವರು ಒಂದು ಮಾತೂ ಹೇಳಿರಲಿಲ್ಲ.

ಕರೆಂಟ್ ಕಾಲಂಗೆ ಬಂದಾಗ ದೊಡ್ಡ ಚರ್ಚೆ ಆಯಿತು. ಕರೆಂಟ್ ಬಂದ ಮೇಲೆ ಮಿಲ್ ನಿಂತ ಕಡೆಯಿಂದ ಮುಂದುವರಿದರೆ ಹೊತ್ತು ಉಳಿಯುತ್ತೆ ಅಂತ ಮಾಲೀಕರು. ಫಿಟರ್ ಒಪ್ಪಲಿಲ್ಲ. "ಕರೆಂಟ್ ಬಂದ್ರ ತಾನಾ ಚಾಲೂ ಆಗಬಾರ್ದ್ರಿ, ರೋಲ್‌ನ್ಯಾಗ ಮಂದಿ ಕೈ ಹಾಕಿರ್ತಾರ" ಅಂದರು. ಅದರ ಮೇಲೆ ಇನ್ನೊಂದು ಸಂಗತಿ ಬಂತು. ಕರೆಂಟ್ ಹೋದಾಗ ಬಕೆಟ್‌ಗಳಲ್ಲಿ ಕಾಳು ಹಾಗೇ ಇರುತ್ತದೆ, ಗೇಟ್ ಕೂಡ ತೆರೆದೇ ಇರುತ್ತದೆ, ಬೂಟ್ ತುಂಬುತ್ತದೆ. ಆ ಭಾರದ ಮೇಲೆ ಎಲಿವೇಟರ್ ಎಬ್ಬಿಸಿದರೆ ಮೋಟಾರ್ ಟ್ರಿಪ್. ಹಾಗಾಗಿ ಕರೆಂಟ್ ಹೋಗಿ ಬಂದರೆ ಓಡುತ್ತಿದ್ದ ಎಲ್ಲ ಸ್ಥಿತಿಯಿಂದಲೂ 'ದೋಷ'ಕ್ಕೇ ಹೋಗಬೇಕು, ಬೂಟ್ ಬಾಗಿಲು ತೆಗೆದು ನೋಡಿ ರಿಸೆಟ್ ಒತ್ತಬೇಕು ಅಂತ ತೀರ್ಮಾನ ಆಯಿತು. ಕರೆಂಟ್ ಇಲ್ಲದಿದ್ದರೂ ತಾನೇ ಮುಚ್ಚುವ ಸ್ಪ್ರಿಂಗ್ ಗೇಟ್ ಹಾಕಿಸಲು ಮಾಲೀಕರು ಒಪ್ಪಿದರು. ಸಾಫ್ಟ್‌ವೇರ್ ಹಾಳೆಯಿಂದ ಮೆಕ್ಯಾನಿಕಲ್ ಬದಲಾವಣೆ ಬಂದದ್ದು ನನಗೆ ಬಹಳ ಖುಷಿ ಕೊಟ್ಟಿತು.

ಒಂದು ಕೊನೆಯ ಪ್ರಶ್ನೆ. ಜನರೇಟ್ ಆದ ಅರೇ ಫೈಲ್ ಅನ್ನು ಗಿಟ್‌ಗೆ ಹಾಕಬೇಕಾ, ಬೇಡವಾ? ನಮ್ಮಲ್ಲೇ ಎರಡು ಅಭಿಪ್ರಾಯ ಇವೆ.

ಎಂಬೆಡೆಡ್ ಅಕ್ಕ:

ಹಾಕಿ. ಹೆಚ್ಚಿನವರು ಬೇಡ ಅನ್ನುತ್ತಾರೆ, ಆದರೆ ನಿಮ್ಮಂಥ ಕೆಲಸದಲ್ಲಿ ಯಾವ ಮಿಲ್‌ನ ಚಿಪ್ಪಿನಲ್ಲಿ ಯಾವ ಅರೇ ಕೂತಿದೆ ಅಂತ ವರ್ಷಗಳ ನಂತರವೂ ತಿಳಿಯಬೇಕು. ಹಾಳೆ, ಜನರೇಟರ್, ಬಂದ ಫೈಲ್, ಮೂರೂ ಒಂದೇ ಕಮಿಟ್‌ನಲ್ಲಿ (ಗಿಟ್‌ನಲ್ಲಿ ಒಟ್ಟಿಗೆ ಉಳಿಸಿದ ಒಂದು ದಾಖಲೆಯಲ್ಲಿ) ಇರಲಿ. ಪ್ರತಿ ಬಿಲ್ಡ್‌ನಲ್ಲೂ, ಅಂದರೆ ಕೋಡನ್ನು ಚಿಪ್ಪಿಗೆ ಸಿದ್ಧ ಮಾಡುವಾಗಲೆಲ್ಲ, ಹೊಸದಾಗಿ ಜನರೇಟ್ ಮಾಡಿ ಗಿಟ್‌ನಲ್ಲಿ ಇರುವುದರ ಜೊತೆ ಹೋಲಿಸಿ. ಒಂದು ಅಕ್ಷರ ವ್ಯತ್ಯಾಸ ಬಂದರೂ ಬಿಲ್ಡ್ ನಿಲ್ಲಲಿ. ಯಾರೋ ಅವಸರದಲ್ಲಿ ಅರೇಯನ್ನು ಕೈಯಿಂದ ತಿದ್ದಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ. ಜನರೇಟರ್ ಫೈಲ್ ಒಳಗೆ ತಾರೀಖು, ಸಮಯ ಬರೆಯದಂತೆ ನೋಡಿಕೊಳ್ಳಿ, ಇಲ್ಲದಿದ್ದರೆ ಪ್ರತಿ ಸಲ ವ್ಯತ್ಯಾಸ ತೋರಿಸುತ್ತದೆ.

ಬಿಲ್ಡ್‌ಗೆ ಇನ್ನೊಂದು ಪರೀಕ್ಷೆ ಸೇರಿಸಿ. 'ಎಲಿವೇಟರ್ ಓಡದೆ ಗೇಟ್ ತೆರೆದಿರಬಾರದು', 'ರಿಸೆಟ್ ಇಲ್ಲದೆ ದೋಷದಿಂದ ಹೊರಗೆ ಬರಬಾರದು' ಅನ್ನುವಂಥ ನಿಯಮಗಳನ್ನು ಬರೆದಿಡಿ. ನಿಂತ ಸ್ಥಿತಿಯಿಂದ ಶುರುಮಾಡಿ ಎಲ್ಲ ಘಟನೆಗಳನ್ನೂ ಎಲ್ಲ ಕ್ರಮದಲ್ಲೂ ಕೊಟ್ಟು, ತಲುಪಬಹುದಾದ ಪ್ರತಿ ಸ್ಥಿತಿಯಲ್ಲೂ ನಿಯಮ ಮುರಿಯುತ್ತಾ ಅಂತ ಪೈಥಾನ್ ನೋಡಲಿ. ಇಷ್ಟು ಸಣ್ಣ ಕೋಷ್ಟಕಕ್ಕೆ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಮುರಿದರೆ ಯಾವ ಬಟನ್ ಯಾವ ಕ್ರಮದಲ್ಲಿ ಒತ್ತಿದಾಗ ಮುರಿಯಿತು ಅಂತ ಪಟ್ಟಿ ಕೊಡಿಸಿ. ಆ ಪಟ್ಟಿ ತಗೊಂಡು ಅದೇ ಫಿಟರ್ ಹತ್ತಿರ ಹೋಗಿ.

ತೊಗರಿನಾಡು:

ಮಾಡುತ್ತೇವೆ ಅಕ್ಕಾ. ಮೊದಲ ಹಾಳೆ ಮತ್ತು ಜನರೇಟರ್ ಅನ್ನು ಈ ಚರ್ಚೆಯಲ್ಲೇ ಹಾಕುತ್ತೇನೆ. ವಾಡಿ ಸರ್, ವೇಗದ ಸೆನ್ಸರ್ ಯಾವ ಥರದ್ದು ಧೂಳಿಗೆ ತಡೆಯುತ್ತೆ ಅಂತ ಹೇಳ್ತೀರಾ? ಮಿಲ್ ಒಳಗೆ ಹೊಟ್ಟು ಬಹಳ.

ವಾಡಿ ಪಿಎಲ್‌ಸಿ:

ಇಂಡಕ್ಟಿವ್ ಪ್ರಾಕ್ಸಿಮಿಟಿ ಸೆನ್ಸರ್ (ಹತ್ತಿರ ಬಂದ ಲೋಹವನ್ನು ಮುಟ್ಟದೆ ಗುರುತಿಸುವಂಥದ್ದು) ಹಾಕಿ. ಬೆಳಕಿನ ಸೆನ್ಸರ್ ಬೇಡ, ಹೊಟ್ಟು ಕೂತು ಕುರುಡಾಗುತ್ತದೆ. ಶಾಫ್ಟ್ ಮೇಲೆ ಒಂದು ಕಬ್ಬಿಣದ ಬೋಲ್ಟ್ ನಿಲ್ಲಿಸಿ, ಅದು ಹಾದುಹೋದಾಗಲೆಲ್ಲ ಪಲ್ಸ್ ಬರುತ್ತದೆ. ಶುರುವಿನಲ್ಲಿ ಬೆಲ್ಟ್ ವೇಗ ಹಿಡಿಯುವ ತನಕ ಕೆಲವು ಸೆಕೆಂಡ್ ಅದನ್ನು ಲೆಕ್ಕಕ್ಕೆ ತಗೋಬೇಡಿ, ಆ ಸಮಯವನ್ನೂ ಮಷೀನ್ ಹಾಳೆಯಲ್ಲೇ ಒಂದು ಕಾಲಂ ಮಾಡಿ. ಪ್ರತಿ ಎಲಿವೇಟರ್‌ಗೂ ಅದು ಬೇರೆ ಇರುತ್ತದೆ.